ರಸ್ತೆ ಬದಿಯ ರಾಜಿ ಬೇಡ



ಬೆಳಗಿನ ಹಾಲು ಹಾಕುವ ಹೊತ್ತಿನಲ್ಲಿ ನಿಮ್ಮ ಡೈರಿಯ ಮುಂದೆ ಎಷ್ಟು ಸೈಕಲ್ ನಿಂತಿವೆ ಎಂದು ಒಮ್ಮೆ ಎಣಿಸಿ ನೋಡಿ. ಸ್ಕೂಟರ್ ಬಂತು, ಬೈಕ್ ಬಂತು, ಆದರೂ ಹ್ಯಾಂಡಲ್ಲಿಗೆ ಕ್ಯಾನು ತಗುಲಿಸಿಕೊಂಡು ಬರುವ ಸೈಕಲ್ ಹೋಗಿಲ್ಲ. ಕೆಂಗೇರಿ ಕಡೆಯ ನಮ್ಮ ಹಿರಿಯರು ಹಿಂದೆ ವಿಜಯನಗರ, ರಾಜಾಜಿನಗರದ ಮನೆಗಳಿಗೆ ಸೈಕಲ್ ತುಳಿದುಕೊಂಡು ಹೋಗಿ ಹಾಲು ಕೊಟ್ಟು ಬರುತ್ತಿದ್ದರು. ಈಗ ಹಾಲು ಸಂಘಕ್ಕೆ ಹೋಗುತ್ತದೆ. ಆದರೆ ಡೈರಿಗೆ ಹೋಗಲು, ಹುಲ್ಲಿನ ಹೊರೆ ತರಲು, ಮಕ್ಕಳು ಶಾಲೆಗೆ ಹೋಗಲು ಸೈಕಲ್ ಇವತ್ತಿಗೂ ಬೇಕು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಆಗ ತುಳಿಯಲು ಕಲಿತ ಎಷ್ಟೋ ಹುಡುಗಿಯರು ಇಂದು ನಮ್ಮ ಜೊತೆ ಸಾಲಿನಲ್ಲಿ ನಿಂತು ಹಾಲು ಹಾಕುತ್ತಿದ್ದಾರೆ.

ಸೈಕಲ್ ಅದೇ, ರಸ್ತೆ ಮಾತ್ರ ಅದೇ ಅಲ್ಲ. ಕೆಂಗೇರಿಯಿಂದ ಆಚೆಗೆ ಮೈಸೂರು ರಸ್ತೆ ದಶಪಥವಾಗಿದೆ. 2023ರ ಮಾರ್ಚ್ 12ರಂದು ಅದರ ಉದ್ಘಾಟನೆ ಆಯಿತು. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ನಮಗೆ ಉಳಿದಿರುವುದು ಸರ್ವೀಸ್ ರಸ್ತೆ. ಅಲ್ಲಿ ಲಾರಿ, ಟೆಂಪೊ, ಕಾರ್ಖಾನೆ ಬಸ್ಸು, ಎದುರು ದಿಕ್ಕಿನಿಂದ ಬರುವ ಬೈಕು, ಇವುಗಳ ನಡುವೆ ನಮ್ಮ ಸೈಕಲ್.

ಹೋದ ವರ್ಷ ನಮ್ಮ ಸಂಘದ ಸದಸ್ಯೆಯೊಬ್ಬರು ಸಂಜೆ ಹಾಲು ಹಾಕಿ ಮನೆಗೆ ಹೋಗುವಾಗ ಸರಕಿನ ಟೆಂಪೊ ಒಂದು ಹಿಂದಿನಿಂದ ಬಂದು ಹ್ಯಾಂಡಲ್ಲಿಗೆ ತಾಗಿಸಿತು. ಬಿದ್ದ ರಭಸಕ್ಕೆ ಬಲಗೈ ಮಣಿಕಟ್ಟು ಮುರಿಯಿತು. ಜನ ಸೇರಿದರು. ಡ್ರೈವರ್ ಚಿಕ್ಕ ಹುಡುಗ, ಕೈಮುಗಿದು ಅಳುವುದಕ್ಕೇ ಶುರುಮಾಡಿದ. ಜೇಬಿನಲ್ಲಿದ್ದ 3,000 ರೂಪಾಯಿ ತೆಗೆದುಕೊಟ್ಟ. “ತಗೊಳ್ಳಮ್ಮ, ಪೊಲೀಸು ಕೋರ್ಟು ಅಂತ ಯಾಕೆ ಅಲೀತೀಯ, ಅವನೂ ಹೊಟ್ಟೆಪಾಡಿಗೆ ದುಡಿಯೋನು” ಎಂದು ನಾಲ್ಕು ಜನ ಹೇಳಿದರು. ಹಾಗೆ ಹೇಳಿದವರಲ್ಲಿ ಸಂಘದ ಕಾರ್ಯದರ್ಶಿಯಾದ ನಾನೂ ಒಬ್ಬಳು. ಈ ಬರಹಕ್ಕೆ ಅದೇ ಕಾರಣ.

ಆಮೇಲೆ ಆದದ್ದು ಇಷ್ಟು. ಆಸ್ಪತ್ರೆಯಲ್ಲಿ “ಏನಾಯ್ತು” ಎಂದು ಕೇಳಿದಾಗ ಅವರು “ಸೈಕಲ್ಲಿಂದ ಬಿದ್ದೆ” ಎಂದರು. ಪೊಲೀಸ್ ತಂಟೆ ಬೇಡವೆಂದು ಹಾಗೆ ಹೇಳಿಸಿದ್ದೂ ನಾವೇ. ಎರಡು ತಿಂಗಳು ಕೈಗೆ ಪಟ್ಟಿ. ಅವರ ಯಜಮಾನರಿಗೆ ಹಾಲು ಕರೆದು ಅಭ್ಯಾಸವಿಲ್ಲ. ಪೂರ್ತಿ ಕರೆಯದೆ ಬಿಟ್ಟು ಬಿಟ್ಟು ಒಂದು ಹಸುವಿಗೆ ಕೆಚ್ಚಲುಬಾವು ಬಂತು, ಒಂದು ತೊಟ್ಟು ಹೋಯಿತು, ಸಿಕ್ಕಿದ ಬೆಲೆಗೆ ಮಾರಿದರು. ಪಟ್ಟಿ ಬಿಚ್ಚಿದ ಮೇಲೂ ಮಣಿಕಟ್ಟು ಮೊದಲಿನ ಹಾಗೆ ತಿರುಗಲಿಲ್ಲ. ಎಂಟನೇ ತಿಂಗಳಲ್ಲಿ ನಾವಿಬ್ಬರೂ ವಕೀಲರೊಬ್ಬರ ಹತ್ತಿರ ಹೋದೆವು. ಅವರು ಕೇಳಿದ್ದು ಮೂರು: ಗಾಡಿಯ ನಂಬರ್ ಏನು? ಆಸ್ಪತ್ರೆಯ ದಾಖಲೆಯಲ್ಲಿ ಏನು ಬರೆದಿದೆ? ನಿಮ್ಮ ಆದಾಯಕ್ಕೆ ಏನು ದಾಖಲೆ ಇದೆ? ಮೂರಕ್ಕೂ ನಮ್ಮಲ್ಲಿ ಉತ್ತರ ಇರಲಿಲ್ಲ. ಹಾಲಿನ ಲೆಕ್ಕವೂ ಯಜಮಾನರ ಹೆಸರಿನಲ್ಲಿತ್ತು.

ಡ್ರೈವರ್ ಬಡವ, ಆದರೆ ಕೊಡುವವನು ಅವನಲ್ಲ

ರಸ್ತೆಯಲ್ಲಿ ನಮ್ಮನ್ನು ರಾಜಿಗೆ ಒಪ್ಪಿಸುವುದು ಕರುಣೆ. ಕರುಣೆ ತಪ್ಪಲ್ಲ, ಲೆಕ್ಕ ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಸ್ತೆಗಿಳಿಯುವ ಪ್ರತಿ ಮೋಟಾರು ವಾಹನಕ್ಕೂ ಮೂರನೆಯವರ ವಿಮೆ, ಅಂದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಆ ‘ಮೂರನೆಯವರು’ ಬೇರೆ ಯಾರೂ ಅಲ್ಲ, ಸೈಕಲ್ಲಿನಲ್ಲಿ ಹೋಗುವ, ನಡೆದು ಹೋಗುವ ನಾವೇ. ನಮಗೆ ಪೆಟ್ಟಾದರೆ ಕೊಡಲೆಂದೇ ಗಾಡಿಯ ಮಾಲೀಕ ವಿಮೆಯ ಕಂತು ಕಟ್ಟಿರುತ್ತಾನೆ. ಪರಿಹಾರ ಬರುವುದು ವಿಮಾ ಕಂಪನಿಯಿಂದ. ವಿಮೆ ಇಲ್ಲದೆ ಗಾಡಿ ಓಡಿಸಿದ್ದರೆ ಮಾಲೀಕ ಹೊಣೆ. ದೂರು ಕೊಟ್ಟರೆ ಡ್ರೈವರ್ ಮೇಲೆ ಅಜಾಗರೂಕ ಚಾಲನೆಯ ಕೇಸು ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವನ ಜೇಬಿನ 3,000 ರೂಪಾಯಿ ತೆಗೆದುಕೊಂಡು ಬಂದರೆ ಬಡವನಿಂದ ಬಡವರೇ ಕಿತ್ತುಕೊಂಡ ಹಾಗಾಯಿತು, ಕೊಡಬೇಕಾದವರು ಏನನ್ನೂ ಕೊಡಲಿಲ್ಲ.

“ನಾವು ಸೈಕಲ್ಲಿನವರು, ನಮಗೆ ಲೈಸೆನ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ, ನಮಗೆ ಯಾರು ಕೊಡುತ್ತಾರೆ” ಎಂದು ಹಲವರು ಕೇಳುತ್ತಾರೆ. ಕಾನೂನಿನಲ್ಲಿ ಸೈಕಲ್ ಮೋಟಾರು ವಾಹನವೇ ಅಲ್ಲ. ಅದಕ್ಕೆ ಲೈಸೆನ್ಸ್, ನೋಂದಣಿ, ವಿಮೆ ಯಾವುದೂ ಬೇಕಿಲ್ಲ. ಅವು ಇಲ್ಲದಿರುವುದು ನಮ್ಮ ತಪ್ಪೂ ಅಲ್ಲ, ನಮ್ಮ ಹಕ್ಕಿಗೆ ಅಡ್ಡಿಯೂ ಅಲ್ಲ.

ಎಷ್ಟು ಸಿಗಬಹುದಿತ್ತು ಎಂದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಮೋಟಾರು ವಾಹನದ ಅಪಘಾತದಲ್ಲಿ ತೀವ್ರ ಗಾಯವಾದರೆ 2.5 ಲಕ್ಷ, ಸಾವಾದರೆ 5 ಲಕ್ಷ ರೂಪಾಯಿ. ಯಾರದ್ದು ತಪ್ಪು ಎಂದು ಸಾಬೀತು ಮಾಡಬೇಕಾಗಿಲ್ಲ. ಮೂಳೆ ಮುರಿದರೆ ಕಾನೂನಿನ ಕಣ್ಣಿನಲ್ಲಿ ಅದು ತೀವ್ರ ಗಾಯ. ತಪ್ಪು ಗಾಡಿಯವರದೇ ಎಂದು ತೋರಿಸಬಲ್ಲವರು 166ನೇ ಸೆಕ್ಷನ್ ಕೆಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪೂರ್ಣ ಪರಿಹಾರ ಕೇಳಬಹುದು. ಎರಡರಲ್ಲಿ ಒಂದು ದಾರಿ, ಎರಡೂ ಅಲ್ಲ. ಗುದ್ದಿದ ಗಾಡಿ ಯಾವುದೆಂದು ಕೊನೆಗೂ ಪತ್ತೆಯಾಗದಿದ್ದರೆ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಯೋಜನೆ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಅರ್ಜಿಯನ್ನು ವಿಚಾರಣೆ ಮಾಡುವವರು ಕಂದಾಯ ಇಲಾಖೆಯ ಅಧಿಕಾರಿಗಳು.

ಹಾಲಿನ ಲೆಕ್ಕವೇ ಸಾಕ್ಷಿ

ನ್ಯಾಯಮಂಡಳಿ ಪರಿಹಾರ ಕಟ್ಟುವುದು ಆದಾಯದ ಮೇಲೆ. ನಾವು ಹೈನುಗಾರರು ಗಮನಿಸಬೇಕಾದದ್ದು ಇಲ್ಲೇ. ಒಂದು ಉದಾಹರಣೆ ನೋಡಿ. 38 ವರ್ಷದ ಹೆಣ್ಣುಮಗಳು, ಹಿಂಡಿ ಬೂಸದ ಖರ್ಚು ಕಳೆದು ಹಾಲಿನಿಂದ ತಿಂಗಳಿಗೆ 8,000 ರೂಪಾಯಿ ಉಳಿಯುತ್ತದೆ ಎನ್ನೋಣ. ಕೈಯ ಊನದಿಂದ ಅವಳ ದುಡಿಮೆ ನೂರಕ್ಕೆ ಇಪ್ಪತ್ತು ಕುಗ್ಗಿತು ಎಂದು ನ್ಯಾಯಮಂಡಳಿ ಒಪ್ಪಿದರೆ, ಸುಪ್ರೀಂ ಕೋರ್ಟು 2009ರಲ್ಲಿ ಸರಳಾ ವರ್ಮ ಪ್ರಕರಣದಲ್ಲಿ ಗೊತ್ತುಮಾಡಿದಂತೆ ಆ ವಯಸ್ಸಿಗೆ ಗುಣಕ 15. ವರ್ಷದ ಆದಾಯ 96,000, ಅದರ ಹದಿನೈದು ಪಟ್ಟು 14,40,000, ಅದರಲ್ಲಿ ನೂರಕ್ಕೆ ಇಪ್ಪತ್ತು ಎಂದರೆ 2,88,000 ರೂಪಾಯಿ. ಆಸ್ಪತ್ರೆಯ ಬಿಲ್ಲು, ಕೆಲಸ ತಪ್ಪಿದ ದಿನಗಳ ನಷ್ಟ, ಅನುಭವಿಸಿದ ನೋವು ಇವುಗಳ ಲೆಕ್ಕ ಬೇರೆ.

ಊನವನ್ನು ಅಳೆಯುವುದು ಎಕ್ಸ್‌ರೇ ನೋಡಿ ಮಾತ್ರವಲ್ಲ, ಆ ಊನದಿಂದ ಆ ಮನುಷ್ಯನ ದುಡಿಮೆ ಎಷ್ಟು ಕುಗ್ಗಿತು ಎಂದು ನೋಡಬೇಕು ಎಂದು ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬರೆಯುವ ಕೆಲಸದವರಿಗೆ ಎಡಗೈ ಹೆಬ್ಬೆರಳು ನೋಯುವುದಕ್ಕೂ, ದಿನಕ್ಕೆ ಎರಡು ಹೊತ್ತು ಹಾಲು ಕರೆಯುವ ನಮಗೆ ಅದು ನೋಯುವುದಕ್ಕೂ ವ್ಯತ್ಯಾಸವಿದೆ. ಅದನ್ನು ನಾವು ಬಾಯಿಬಿಟ್ಟು ಹೇಳಬೇಕು.

ಹೇಳಿದರೆ ಸಾಲದು, ಕಾಗದ ಬೇಕು. ಕೂಲಿ ಮಾಡುವವರಿಗೆ ಆದಾಯದ ದಾಖಲೆ ಸಿಗುವುದು ಕಷ್ಟ. ನಮಗೆ ಹಾಗಲ್ಲ. ಎಷ್ಟು ಲೀಟರ್, ಎಷ್ಟು ಫ್ಯಾಟು, ಎಷ್ಟು ಬಟವಾಡೆ ಎಂದು ದಿನದಿನದ ಲೆಕ್ಕ ಸಂಘದಲ್ಲಿದೆ, ಹಣ ಬ್ಯಾಂಕ್ ಖಾತೆಗೆ ಬೀಳುತ್ತದೆ. ಇಷ್ಟು ಗಟ್ಟಿ ಸಾಕ್ಷಿ ಹಳ್ಳಿಯ ಬೇರೆ ಯಾವ ಕಸುಬಿನವರ ಕೈಯಲ್ಲಿದೆ? ಆದರೆ ಕರೆಯುವವಳು ಹೆಂಡತಿ, ಪುಸ್ತಕದಲ್ಲಿ ಗಂಡನ ಹೆಸರು. ಹಾಗಿದ್ದಾಗ ಆ ಸಾಕ್ಷಿ ನಮ್ಮ ಪರವಾಗಿ ಮಾತಾಡುವುದಿಲ್ಲ. ದಾಖಲೆ ಇಲ್ಲದಿದ್ದರೆ ನ್ಯಾಯಮಂಡಳಿ ಒಂದು ಅಂದಾಜಿನ ಆದಾಯ ಹಿಡಿಯುತ್ತದೆ. ಮನೆಗೆಲಸಕ್ಕೂ ಬೆಲೆ ಕಟ್ಟಬೇಕೆಂದು 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒತ್ತಿ ಹೇಳಿದೆ, ನಿಜ. ಆದರೂ ಅಂದಾಜು ಅಂದಾಜೇ. ನಮ್ಮ ಬೆವರಿಗೆ ಲೆಕ್ಕ ಇರುವಾಗ ಬೇರೆಯವರ ಅಂದಾಜನ್ನು ಯಾಕೆ ಕಾಯಬೇಕು?

ಪೆಟ್ಟಾದ ದಿನ ಮಾಡಬೇಕಾದದ್ದು

ಮೊದಲು ಜೀವ. 112ಕ್ಕೆ ಕರೆ ಮಾಡಿ. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ಹಣ ಕಟ್ಟದೆ ಚಿಕಿತ್ಸೆ ಪಡೆಯುವ ಅವಕಾಶವಿದೆ. ಬಿದ್ದವರನ್ನು ಆಸ್ಪತ್ರೆಗೆ ಸೇರಿಸಲು ಹೆದರಬೇಡಿ. ನೆರವಾದವರಿಗೆ ರಕ್ಷಣೆ ಕೊಡುವ ಕಾನೂನನ್ನು ದೇಶದಲ್ಲಿ ಮೊದಲು ಮಾಡಿದ್ದೇ ನಮ್ಮ ಕರ್ನಾಟಕ.

ಎರಡನೆಯದು, ಗಾಡಿಯ ನಂಬರ್. ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಗಾಡಿ, ಸೈಕಲ್, ಜಾಗ ಮೂರೂ ಕಾಣಲಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಡ್ರೈವರಿನ ಕರ್ತವ್ಯ ಎಂದು 134ನೇ ಸೆಕ್ಷನ್ ಹೇಳುತ್ತದೆ. ಅಲ್ಲಿ ಅಂಗಡಿಯ ಕ್ಯಾಮೆರಾ ಇದ್ದರೆ ಕೂಡಲೇ ಪೊಲೀಸರಿಗೆ ತೋರಿಸಿ, ಸ್ವಲ್ಪ ದಿನಕ್ಕೆ ಅದು ಅಳಿಸಿಹೋಗುತ್ತದೆ.

ಮೂರನೆಯದು, ಆಸ್ಪತ್ರೆಯಲ್ಲಿ ನಿಜ ಹೇಳಿ. “ಬಿದ್ದೆ” ಎನ್ನಬೇಡಿ, “ಇಂಥ ಗಾಡಿ ಗುದ್ದಿತು” ಎನ್ನಿ. ಮೊದಲ ದಿನ ಡಾಕ್ಟರ್ ಬರೆದುಕೊಂಡ ಆ ಒಂದು ಸಾಲನ್ನೇ ವಿಮಾ ಕಂಪನಿಯ ವಕೀಲರು ಕೊನೆಯವರೆಗೂ ಹಿಡಿದುಕೊಳ್ಳುತ್ತಾರೆ.

ನಾಲ್ಕನೆಯದು, ದೂರು. ನಗರದೊಳಗೆ ಕೆಂಗೇರಿ, ವಿಜಯನಗರ, ರಾಜಾಜಿನಗರಕ್ಕೆಲ್ಲ ಟ್ರಾಫಿಕ್ ಠಾಣೆಗಳಿವೆ. ಊರಿನ ಕಡೆ ನಮ್ಮ ಪೊಲೀಸ್ ಠಾಣೆ. “ಇದು ನಮ್ಮ ವ್ಯಾಪ್ತಿ ಅಲ್ಲ” ಎಂದು ವಾಪಸು ಕಳಿಸುವ ಹಾಗಿಲ್ಲ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು ಎಂದು 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನು ಹೇಳುತ್ತದೆ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ.

ಐದನೆಯದು, ಆರು ತಿಂಗಳು. ನ್ಯಾಯಮಂಡಳಿಗೆ ಅರ್ಜಿ ಹಾಕಲು ಕಾಯ್ದೆ ಕೊಟ್ಟಿರುವ ಗಡುವು ಅಷ್ಟೇ. ಇದನ್ನು ಪ್ರಶ್ನಿಸಿದ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಹೋಗಿದೆ, ಅದನ್ನು ನಂಬಿಕೊಂಡು ಕೂರಬೇಡಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ನಮ್ಮ ಕಡೆಯ ಜವಾಬ್ದಾರಿಯೂ ಇದೆ. ರಸ್ತೆಯ ಎಡಕ್ಕೇ ಹೋಗಬೇಕು, ಎದುರು ದಿಕ್ಕಿನಲ್ಲಿ ತುಳಿಯಬಾರದು, ಹೊತ್ತು ಮುಳುಗಿದ ಮೇಲೆ ದೀಪವಿಲ್ಲದೆ, ಹಿಂದೆ ಹೊಳೆಯುವ ಕೆಂಪು ರಿಫ್ಲೆಕ್ಟರ್ ಇಲ್ಲದೆ ಹೊರಡಬಾರದು. ದಶಪಥದ ಮುಖ್ಯ ಪಥಕ್ಕೆ ಇಳಿಯಲೇಬಾರದು. ನಮ್ಮ ತಪ್ಪು ಕಾಲು ಭಾಗ ಎಂದು ನ್ಯಾಯಮಂಡಳಿ ಕಂಡರೆ ಪರಿಹಾರದಲ್ಲೂ ಕಾಲು ಭಾಗ ಕಡಿಯುತ್ತದೆ. ಆದರೆ ನೆನಪಿಡಿ, ನಮ್ಮದೂ ಸ್ವಲ್ಪ ತಪ್ಪಿದೆ ಎಂದ ಮಾತ್ರಕ್ಕೆ ಹಕ್ಕು ಪೂರ್ತಿ ಹೋಗುವುದಿಲ್ಲ.

ಸಂಘಗಳಿಗೆ ನನ್ನ ಮಾತು ಎರಡು. ಹಾಲು ಕರೆದು ಹಾಕುವವಳ ಹೆಸರಿಗೇ ಸದಸ್ಯತ್ವ, ಅವಳ ಹೆಸರಿಗೇ ಖಾತೆ. ಮುಂದಿನ ಸಭೆಯಲ್ಲಿ ಪಟ್ಟಿ ತೆಗೆದು ಒಬ್ಬೊಬ್ಬರದ್ದೂ ನೋಡಿ ಸರಿಪಡಿಸೋಣ. ಗಂಡಸರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ, ಹಣ ಬರುವುದು ಅದೇ ಮನೆಗೆ. ಇನ್ನೊಂದು, ಯಾವ ಸದಸ್ಯೆಗೆ ಅಪಘಾತವಾದರೂ ಹಿಂದಿನ ಹನ್ನೆರಡು ತಿಂಗಳ ಬಟವಾಡೆಯ ಲೆಕ್ಕವನ್ನು ಸಹಿ, ಮೊಹರು ಹಾಕಿ ಕೇಳಿದ ದಿನವೇ ಕೊಡಬೇಕು. ಕಾರ್ಯದರ್ಶಿಗೆ ಅದು ಅರ್ಧ ಗಂಟೆಯ ಕೆಲಸ.

ನಮ್ಮ ಸಂಘದಲ್ಲಿ ಎರಡನ್ನೂ ಶುರುಮಾಡಿದ್ದೇವೆ. ಆ ಸದಸ್ಯೆ ಈಗ ಉಳಿದ ಒಂದು ಹಸುವಿನ ಹಾಲನ್ನು ಮಗಳ ನೆರವಿನಿಂದ ಕರೆದು ತಂದು ಹಾಕುತ್ತಾರೆ, ಅವರದೇ ಹೆಸರಿನ ಲೆಕ್ಕಕ್ಕೆ. ಕಳೆದುಹೋದದ್ದನ್ನು ಅವರಿಗೆ ತಂದುಕೊಡಲು ನನ್ನಿಂದ ಆಗಲಿಲ್ಲ. ನಿಮ್ಮ ಊರಿನಲ್ಲಿ ಯಾರಾದರೂ ಸೈಕಲ್ಲಿಂದ ಬಿದ್ದು, ಸುತ್ತ ಜನ ಸೇರಿ “ತಗೊಂಡು ಬಿಟ್ಟುಬಿಡಮ್ಮ” ಎನ್ನುವಾಗ, ದಯವಿಟ್ಟು ಆ ಗುಂಪಿನಲ್ಲಿ ನೀವೊಬ್ಬರು ಮುಂದೆ ಬಂದು ಗಾಡಿಯ ನಂಬರ್ ಬರೆದುಕೊಳ್ಳಿ.