ದೂರದಿಂದ ಬರುವ ವಿದ್ಯಾರ್ಥಿಗಳೂ ಸಮಾಜಸೇವೆಯೂ

ವಿರಾರ, ಡೊಂಬಿವಲಿಗಳಿಂದ ದಕ್ಷಿಣ ಮುಂಬಯಿಯ ಕಾಲೇಜುಗಳಿಗೆ ಲೋಕಲ್ ರೈಲಿನಲ್ಲಿ ಬಂದುಹೋಗುವ ವಿದ್ಯಾರ್ಥಿಗಳ ದಿನದಲ್ಲಿ ಸುಮಾರು ಮೂರು ಗಂಟೆ ಪ್ರಯಾಣಕ್ಕೇ ಸಲ್ಲುತ್ತದೆ. ನಮ್ಮ ಹೋಟೆಲ್ ಕಾರ್ಮಿಕರ, ಗುಮಾಸ್ತರ ಮಕ್ಕಳೂ ಅವರಲ್ಲಿದ್ದಾರೆ. ಪಾಠ ಮುಗಿದೊಡನೆ ರೈಲಿಗೆ ಧಾವಿಸುವ ಇವರನ್ನು ಸೇವಾವಿಮುಖರೆಂದು ಹಳಿಯುವುದು ಅನ್ಯಾಯ.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಸ್ವಯಂಸೇವಕರಿಂದ ವರ್ಷಕ್ಕೆ ೧೨೦ ಗಂಟೆಗಳನ್ನು ಅಪೇಕ್ಷಿಸುತ್ತದೆ. ಕಾಲೇಜಿನ ಆವರಣದೊಳಗಿನ ಕೆಲಸಕ್ಕೆ ಅದರ ಕೈಪಿಡಿಯು ವಿಧಿಸಿರುವ ಮಿತಿ ೩೦ ಗಂಟೆ. ದೂರದಿಂದ ಬರುವವರ ಮಟ್ಟಿಗಾದರೂ ಈ ಮಿತಿಯನ್ನು ಸಡಿಲಿಸಬೇಕೆಂಬುದು ನಮ್ಮ ಅಭಿಪ್ರಾಯ.

ಆವರಣದೊಳಗೆ ಸೇವೆಗೆ ಅವಕಾಶವಿಲ್ಲವೆ? ಅಂಧ ಸಹಪಾಠಿಗೆ ಪಠ್ಯವನ್ನು ಓದಿ ಹೇಳಬಹುದು. ವಾಣಿಜ್ಯದ ವಿದ್ಯಾರ್ಥಿಯು ಕ್ಯಾಂಟೀನಿನ ಕೆಲಸಗಾರನಿಗೆ ಬಿಡುವಿನ ವೇಳೆ ಲೆಕ್ಕ ಬರೆಯಲು ಕಲಿಸಿದರೆ ಕಲಿತವನಿಗೂ ಹಿತ, ಕಲಿಸಿದವನ ಪಾಠವೂ ಗಟ್ಟಿ. ಹಗಲು ದುಡಿದು ರಾತ್ರಿ ಶಾಲೆಗಳಲ್ಲಿ ಓದಿದ ಹಿರಿಯರನ್ನು ಕಂಡಿರುವ ನಮ್ಮವರಿಗೆ ಅಂತಹ ಒಂದು ಗಂಟೆಯ ಬೆಲೆಯನ್ನು ತಿಳಿಸಬೇಕಾಗಿಲ್ಲ. ವೇಳಾಪಟ್ಟಿಯಲ್ಲಿಯೇ ಆ ಗಂಟೆಗೆ ಸ್ಥಳ ಕಲ್ಪಿಸುವುದು ಕಾಲೇಜುಗಳ ಕರ್ತವ್ಯ. ವಿದ್ಯಾರ್ಥಿಗಳು ಹಿಂದೆಗೆಯರೆಂಬ ಭರವಸೆ ನಮಗಿದೆ.