ತಲೆಸುತ್ತು ಮತ್ತು ರಕ್ತದ ಕೊಬ್ಬು

ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರನ ದರ್ಶನಕ್ಕೆಂದು ಮೆಟ್ಟಿಲು ಹತ್ತಿದ ಹಿರಿಯರೊಬ್ಬರು ಇಳಿಯುವಾಗ ಬವಳಿ ಬಂದು ಕುಳಿತುಬಿಟ್ಟರೆ, ಜತೆಯವರಲ್ಲಿ ಎರಡು ಮಾತು ಹುಟ್ಟುತ್ತವೆ. ಪಿತ್ತ ಹೆಚ್ಚಿದೆ ಎನ್ನುವುದು ಅಜ್ಜಿಯ ನಿದಾನ. ಕೊಲೆಸ್ಟರಾಲ್ ಏರಿದೆ ಎನ್ನುವುದು ಮೊಮ್ಮಗನದು. ಎರಡೂ ಅವಸರದವೇ.

ದೇಹದ ಸಮತೋಲವನ್ನು ಕಾಯುವ ಮುಖ್ಯ ಅಂಗವಿರುವುದು ಒಳಗಿವಿಯಲ್ಲಿ. ಇದರ ಸಂಶೋಧನೆಗಾಗಿಯೇ ರಾಬರ್ಟ್ ಬರಾನಿಯವರಿಗೆ 1914ರ ನೊಬೆಲ್ ಪಾರಿತೋಷಕ ದೊರೆಯಿತು. ಅಲ್ಲಿಯ ಸುಣ್ಣದ ಸೂಕ್ಷ್ಮ ಹರಳುಗಳು ಕಳಚಿ ಅರ್ಧವೃತ್ತದ ನಾಳಗಳೊಳಗೆ ಜಾರಿದರೆ, ಹಾಸಿಗೆಯಲ್ಲಿ ಮಗ್ಗುಲಾದೊಡನೆ ಕೋಣೆಯೇ ಗಿರ್ರನೆ ತಿರುಗುತ್ತದೆ. ಸಾಮಾನ್ಯವಾಗಿ ನಿಮಿಷದೊಳಗೆ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಲೆಸುತ್ತು ಈ ಬಗೆಯದು. ಬಲ್ಲ ವೈದ್ಯರು ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳನ್ನು ಸ್ವಸ್ಥಾನಕ್ಕೆ ಕಳುಹಿಸಬಲ್ಲರು. ಕೊಲೆಸ್ಟರಾಲಿನ ಗುಳಿಗೆ ಇದಕ್ಕೆ ಮದ್ದಲ್ಲ.

ಹಾಗಾದರೆ ರಕ್ತದ ಕೊಬ್ಬು ನಿರಪರಾಧಿಯೇ? ಪೂರ್ತಿಯಾಗಿ ಅಲ್ಲ. ಅದು ತಾನೇ ತಲೆ ತಿರುಗಿಸದು. ವರ್ಷಗಟ್ಟಲೆ ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡು ದಾರಿಯನ್ನು ಕಿರಿದಾಗಿಸುತ್ತದೆ. ಒಳಗಿವಿಗೆ ರಕ್ತವನ್ನೊಯ್ಯುವುದು ಬಲು ಸಣ್ಣದೊಂದು ಧಮನಿ. ಅದು ಕಟ್ಟಿಕೊಂಡರೆ ಬಳಸುದಾರಿಯಿಲ್ಲ. ಕತ್ತಿನ ಹಿಂಬದಿಯಿಂದ ಏರಿ ಅದಕ್ಕೆ ರಕ್ತವೊದಗಿಸುವ ದೊಡ್ಡ ನಾಳಗಳೇ ಕಿರುಮಿದುಳನ್ನೂ ಪೋಷಿಸುತ್ತವೆ. ಒಳಗಿವಿ ಸೋತವರು ಕಣ್ಣು ಮತ್ತು ಪಾದಗಳ ಆಸರೆಯಿಂದ ನಡೆಯುತ್ತಾರೆ. ಆ ಸುದ್ದಿಗಳನ್ನೆಲ್ಲ ಹೊಂದಿಸಿಕೊಡುವ ಕಿರುಮಿದುಳಿಗೇ ರಕ್ತ ಸಾಲದಾದರೆ ಆ ಆಸರೆಯೂ ತಪ್ಪುತ್ತದೆ.

ಹೀಗಾಗಿ ಹಳೆಯ ತಲೆಸುತ್ತಿನವರ ಮನೆಯಲ್ಲಿಯೇ ಮೋಸಹೋಗುವುದು ಹೆಚ್ಚು. ‘ದಿನಾ ಇದ್ದದ್ದ ಐತಿ, ಮಲಕೊಳ್ಳಲಿ’ ಎಂದು ಬಾಗಿಲು ಮುಂದೆಮಾಡುತ್ತಾರೆ. ಆದರೆ ಸುತ್ತಿನೊಡನೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಹಿಡಿಯದೆ ನಿಲ್ಲಲಾಗದಿದ್ದರೆ, ಅದು ಮಿದುಳಿನ ಆಘಾತವಿರಬಹುದು. ಹೆಪ್ಪು ಕರಗಿಸುವ ಮದ್ದು ಸಾಮಾನ್ಯವಾಗಿ ಫಲಿಸುವುದು ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ. ರೋಣ, ಗಜೇಂದ್ರಗಡದವರು ಗದಗಿಗೆ, ನರಗುಂದದವರು ಹುಬ್ಬಳ್ಳಿಗೆ ಹೋಗಬೇಕಾದೀತು. ದಾರಿಯ ಹೊತ್ತೂ ಆ ಲೆಕ್ಕದಲ್ಲೇ ಸೇರಿದೆ. 108ಕ್ಕೆ ಕರೆ ಮಾಡುವಾಗ ತೊಂದರೆ ಎಷ್ಟು ಗಂಟೆಗೆ ಶುರುವಾಯಿತೆಂಬುದನ್ನು ಬರೆದಿಟ್ಟುಕೊಳ್ಳುವುದು ಮೇಲು. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೊಂದು.

ಊಟದ ಮಾತು. ರೊಟ್ಟಿಯ ಮಗ್ಗುಲಿನ ಶೇಂಗಾ ಹಿಂಡಿಗೆ ಹೆದರಬೇಕಿಲ್ಲ. ಶೇಂಗಾದಲ್ಲಿ ಕೊಲೆಸ್ಟರಾಲ್ ಇಲ್ಲ, ಮೈಯಲ್ಲಿರುವುದರ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಸಂಜೆಯ ಗಿರ್ಮಿಟ್ಟಿನ ಜತೆಗೆ ಬರುವ ಮಿರ್ಚಿಯ ಪರವಾಗಿ ಇಷ್ಟು ಧೈರ್ಯದಿಂದ ವಾದಿಸುವುದು ಕಷ್ಟ, ಅದರಲ್ಲೂ ಬಾಣಲೆಯ ಎಣ್ಣೆ ನಿನ್ನೆಯದಾಗಿದ್ದರೆ.