ಬಾಣದ ಮೊನೆಯೂ ಬಾಟಲಿಯ ಗಾಜೂ

ಆದಿಮಾನವನು ಕಲ್ಲಿಗೆ ಕಲ್ಲು ಕುಟ್ಟಿ ಹೇಗೋ ಬಾಣದ ಮೊನೆಗಳನ್ನು ಮಾಡಿಕೊಂಡನೆಂದು ಹಲವರು ಭಾವಿಸುವುದುಂಟು. ಸ್ವತಃ ಒಂದನ್ನು ಮಾಡಲು ಕುಳಿತವನಿಗೆ ಈ ಭ್ರಮೆ ಬೇಗನೆ ಅಳಿಯುತ್ತದೆ. ಆದುದರಿಂದಲೇ ಈ ಕಸುಬು ವಿದ್ಯಾರ್ಥಿಗಳಿಗೆ ತಕ್ಕ ಹವ್ಯಾಸವೆಂದು ನಮ್ಮ ಅಭಿಪ್ರಾಯ.

ಚಕಮಕಿ ಕಲ್ಲಿನ ಒಡಲಲ್ಲಿ ಪದರಗಳಿಲ್ಲ. ಪೆಟ್ಟಿನ ಬಲವು ಶಂಕುವಿನಂತೆ ಹರಡಿ, ಚಿಪ್ಪಿನಾಕಾರದ ಚಕ್ಕೆಯನ್ನು ಎಬ್ಬಿಸುತ್ತದೆ. ಪೆಟ್ಟು ಬೀಳುವ ಅಂಚಿನ ಕೋನವು 90 ಡಿಗ್ರಿಗಿಂತ ಕಡಿಮೆಯಿರಬೇಕು. ಅಂಚನ್ನು ಮೊದಲೇ ಉಜ್ಜಿ ಬಲಪಡಿಸಬೇಕು. ಕೊನೆಯಲ್ಲಿ ಕೊಂಬಿನ ಅಥವಾ ತಾಮ್ರದ ಮೊನೆಯಿಂದ ಒತ್ತಿ ಸಣ್ಣ ಚಕ್ಕೆಗಳನ್ನು ತೆಗೆಯಬೇಕು. ಒಂದೊಂದು ಏಟಿಗೂ ಮುಂದಾಲೋಚನೆ ಬೇಕು. ಕಳೆದ ಶತಮಾನದಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಬೋರ್ಡ್, ಅಮೆರಿಕದ ಡಾನ್ ಕ್ರಾಬ್‌ಟ್ರೀ ಮೊದಲಾದವರು ತಾವೇ ಕಲ್ಲನ್ನೊಡೆದು ಪುರಾತನ ಆಯುಧಗಳ ರಚನಾಕ್ರಮವನ್ನು ಬೆಳಕಿಗೆ ತಂದರು.

ಆದರೆ ಹವ್ಯಾಸಿಗೆ ಒಂದು ಧರ್ಮವುಂಟು. ಪ್ರಾಚೀನ ನೆಲೆಗಳಿಂದ ಕಲ್ಲನ್ನು ಆಯ್ದು ತರಕೂಡದು. ಅಲ್ಲಿನ ಅಲ್ಪ ಚಕ್ಕೆಯೂ ಸಾಕ್ಷ್ಯವೇ. ನಮ್ಮ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಆದಿಮಾನವನು ಸುಣ್ಣಕಲ್ಲಿನಿಂದ ಕೈಕೊಡಲಿಗಳನ್ನು ಮಾಡಿದ ಕಾರ್ಯಾಗಾರವನ್ನು ಸಾರಿ ಹೇಳಿದುದು ಅವನು ಬಿಟ್ಟುಹೋದ ಚಕ್ಕೆ, ಬಡಿಗಲ್ಲುಗಳೇ. ಅಲ್ಲಿ ನಾವು ಹೊಸ ಚಕ್ಕೆ ಚೆಲ್ಲಿದರೂ ಆ ಸಾಕ್ಷ್ಯ ಕೆಡುತ್ತದೆ.

ಹಾಗಾದರೆ ಕಲ್ಲೆಲ್ಲಿ? ಕಲ್ಲೇ ಬೇಕೆಂದಿಲ್ಲ. ಕ್ಯಾಲಿಫೋರ್ನಿಯದ ಯಾಹಿ ಜನಾಂಗದ ಇಷಿ ಎಂಬಾತನು 1911ರಿಂದ 1916ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿದ್ದಾಗ ಬಾಟಲಿಯ ಗಾಜಿನಿಂದಲೂ ಸೊಗಸಾದ ಮೊನೆಗಳನ್ನು ಮಾಡಿದನು. ಗಾಜೂ ಚಕಮಕಿಯಂತೆಯೇ ಒಡೆಯುತ್ತದೆ. ಕಣ್ಣಿಗೆ ಕನ್ನಡಕ, ಅಂಗೈಗೆ ದಪ್ಪ ತೊಗಲು ಇರಲಿ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಬಯಲಿನಲ್ಲೇ ಕೆಲಸ ನಡೆಯಲಿ. ಮಾಡಿದ ಮೊನೆಯ ಮೇಲೆ ಇಸವಿಯನ್ನು ಬರೆದಿಡಿರಿ: ಮುಂದಿನವರು ಅದನ್ನು ಪುರಾತನವೆಂದು ಬಗೆದು ಮೋಸಹೋಗದಿರಲಿ.